ಗೆರೆಯಾಚೆ ಉಳಿದ ಕೆನ್ನೆ

"ಬಿಳಿ ಮಚ್ಚೆ ಇರುವವರ ಮುಖ ಕೊಟ್ಟರೆ ನಿಮ್ಮ ಈ ಸಾಫ್ಟ್‌ವೇರ್ ಏನು ಮಾಡುತ್ತದೆ?"

ಸೂರತ್ತಿನ ಸಭಾಂಗಣದಲ್ಲಿ ಹಿಂದಿಯಲ್ಲಿ ತೂರಿಬಂದ ಆ ಪ್ರಶ್ನೆಗೆ ಹೇಮಲತಾಳ ಎದೆ ಧಸಕ್ಕೆಂದಿತು!

ಡಿಜಿಟಲ್ ಕ್ಯಾಮೆರಾ ಆಗಷ್ಟೇ ಸ್ಟುಡಿಯೋಗಳಿಗೆ ಕಾಲಿಡುತ್ತಿದ್ದ ವರ್ಷಗಳು. ಫೋಟೋದಲ್ಲಿನ ಮುಖ ತಿದ್ದುವ ಸಾಫ್ಟ್‌ವೇರನ್ನು ಹೇಮಲತಾಳ ಅಹಮದಾಬಾದಿನ ಕಂಪನಿ ಮಾಡಿತ್ತು. ಬಟನ್ ಒತ್ತಿದರೆ ಸಾಕು, ಚುಕ್ಕಿಗಳ ಗೆರೆಯೊಂದು ತಾನೇ ಓಡಿ ಮುಖದ ಚರ್ಮವನ್ನಷ್ಟೇ ಸುತ್ತಿಕೊಳ್ಳುತ್ತಿತ್ತು. ಆಮೇಲೆ ನುಣುಪು ಮಾಡುವುದು, ಹೊಳಪು ಕೊಡುವುದು ಕ್ಷಣದ ಕೆಲಸ. ಸ್ಟುಡಿಯೋದವರನ್ನು ಕೂರಿಸಿಕೊಂಡು ಮ್ಯಾನೇಜರ್ ವಿನಯ್ ಅದನ್ನೇ ತೋರಿಸುತ್ತಿದ್ದರು. ಗ್ರಾಹಕರ ಅಭಿಪ್ರಾಯ ಬರೆದುಕೊಳ್ಳುವುದು ಹೇಮಲತಾಳ ಕೆಲಸ.

ಮುಂದಿನ ಸಾಲಿನ ಕಣ್ಣುಗಳು ಒಂದೊಂದಾಗಿ ಅವಳತ್ತ ತಿರುಗಿದವು. ತುಟಿಯಂಚಿನಿಂದ ಕೆನ್ನೆಗೆ ಹಬ್ಬಿದ್ದ ಬಿಳಿ ಮಚ್ಚೆಯನ್ನು ಅವಳು ಬೆಳಿಗ್ಗೆಯೇ ಕ್ರೀಮು ಬಳಿದು ಮುಚ್ಚಿದ್ದಳು. ಸೆಕೆಗೆ ಅದು ಕರಗಿ ಇಳಿದಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

'ನನ್ನನ್ನೇ ತೋರಿಸಿ ಕೇಳಿದನಲ್ಲ... ಇಷ್ಟು ಜನರೆದುರು!'

ವಿನಯ್ ಮಾತು ತೇಲಿಸಿದರು. "ಬರೆದುಕೊಳ್ಳುತ್ತೇವೆ, ಮುಂದೆ ನೋಡೋಣ."

ಪ್ರಶ್ನೆ ಕೇಳಿದವನು ಕೂರುತ್ತಾ ಕನ್ನಡದಲ್ಲಿ ಗೊಣಗಿದ, "ಬರ್ಕೊಂಡು ಎಂತ ಮಾಡ್ತಾರೆ ಇವರು..."

ಹೇಮಲತಾ ಅವನೆದುರು ಹೋಗಿ ನಿಂತೇಬಿಟ್ಟಳು. "ಬರ್ಕೊಳ್ಳೋದು ನನ್ನ ಕೆಲಸ ಸರ್. ಇನ್ನೊಬ್ಬರನ್ನ ನೋಡಿ ಜನ ನಗೋ ಹಾಗೆ ಮಾಡೋದು ನಿಮ್ಮ ಕೆಲಸ ಅಂತ ಕಾಣುತ್ತೆ!"

ಕನ್ನಡ ಕೇಳಿ ಅವನು ಬೆಚ್ಚಿ ತಲೆಯೆತ್ತಿದ. ಆಗಲೇ ಅವಳ ಕೆನ್ನೆ ಅವನಿಗೆ ಕಂಡದ್ದು. ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ... ಇಲ್ಲ ಮಾರಾಯ್ರೆ, ನಾನು..."

ಅಷ್ಟರಲ್ಲಿ ಅವಳು ಅಲ್ಲಿರಲಿಲ್ಲ.

ಮರುವಾರ ಅವನದೇ ಇ-ಮೇಲ್. ದಿವಾಕರ, ವಡೋದರಾದ ಗೋರ್ವಾದಲ್ಲಿ ಸ್ಟುಡಿಯೋ. ಗೆರೆ ಬಿಳಿ ಮಚ್ಚೆಯನ್ನು ಚರ್ಮವೆಂದು ಗುರುತಿಸುವುದೇ ಇಲ್ಲ. ಉಳಿದ ಮುಖ ನುಣುಪಾಗಿ ಮಚ್ಚೆ ಮಾತ್ರ ಹರಿದ ಕಾಗದದಂತೆ ಉಳಿಯುತ್ತದೆ, ದಯವಿಟ್ಟು ಸರಿಪಡಿಸಿ ಎಂದು ಬರೆದಿದ್ದ.

ಹಲ್ಲು ಕಚ್ಚಿಕೊಂಡೇ ಅವಳು ಅದನ್ನು ವಿನಯ್‌ಗೆ ತೋರಿಸಿದಳು.

"ಎಷ್ಟು ಜನಕ್ಕಿರುತ್ತೆ ಅದು?" ವಿನಯ್ ಪರದೆಯಿಂದ ಕಣ್ಣು ಕೀಳಲಿಲ್ಲ. "ಥ್ಯಾಂಕ್ಸ್ ಹೇಳಿ ಕ್ಲೋಸ್ ಮಾಡು."

ಎದುರಿಗೇ ನಿಂತಿದ್ದಳು ಅವಳು! ಆದರೂ ತನ್ನ ಮೇಜಿಗೆ ಮರಳಿ ಕುಳಿತಳು. 'ನಿಮ್ಮ ಸಲಹೆಗೆ ಧನ್ಯವಾದಗಳು' ಎಂದು ಬೆರಳುಗಳು ತಾವಾಗಿಯೇ ಟೈಪು ಮಾಡಿದವು. ಬರೆದದ್ದು ತನ್ನ ಕೆನ್ನೆಗೇ ಎಂಬಂತೆ ಕಣ್ಣು ತುಂಬಿತು.

ಸಂಜೆ ದಿವಾಕರನ ಫೋನ್ ಬಂತು.

"ಕಂಪ್ಲೇಂಟಿಗೆ ಅಲ್ಲ. ಕ್ಷಮೆ ಕೇಳ್ಲಿಕ್ಕೆ. ಆವತ್ತು ನಾನು ನಿಮ್ಮನ್ನು ನೋಡಿಯೇ ಇರ್ಲಿಲ್ಲ. ನನ್ನ ಅಮ್ಮನಿಗೆ ಉಂಟು ಅದು."

ಹೇಮಲತಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಅಪ್ಪ ಇಲ್ಲಿಗೆ ಬಂದು ಹೋಟೆಲ್ ಇಟ್ಟರು. ಅಮ್ಮ ಒಂದು ದಿನ ಗಲ್ಲಾದಲ್ಲಿ ಕೂತವರಲ್ಲ. ತನ್ನ ಮುಖ ನೋಡಿದ್ರೆ ಗಿರಾಕಿಗಳು ಬರುದಿಲ್ಲ ಅಂತ ಅವರೇ ಒಳಗೆ ಉಳಿದ್ರು. ಒಂದು ಫೋಟೋ ಇಲ್ಲ ಅವರದ್ದು. ನಾನು ಬಲವಂತ ಮಾಡಿ ಕೂರಿಸಿದೆ. ಕಂಪ್ಯೂಟರ್ ಮುಂದೆ ಪಕ್ಕದಲ್ಲೇ ಕೂತು ನೋಡ್ತಿದ್ರು... ಗೆರೆ ಅವರ ಕೆನ್ನೆ ಬಿಟ್ಟು ಓಡ್ತು."

"ಆಮೇಲೆ?"

"'ಅದಕ್ಕೂ ಗೊತ್ತಾಯ್ತು ಮಗಾ' ಅಂತ ಎದ್ದು ಹೋದ್ರು. ಕೈಯಲ್ಲೇ ಗೆರೆ ಎಳೆದು ಸರಿ ಮಾಡಬಹುದು, ನನಗೆ ಬರ್ತದೆ. ಆದರೆ ಅವರು ನೋಡಿ ಆಗಿದೆಯಲ್ಲ! ಈಗ ಅವರ ಹೃದಯ ಸೋತಿದೆ, ಡಾಕ್ಟ್ರು ಕೈ ಚೆಲ್ಲಿದ್ದಾರೆ. ಇನ್ನೊಮ್ಮೆ ಕೂರಿಸಿ, ನೋಡಿ ಅಮ್ಮ, ಈಗ ಬಿಡ್ಲಿಲ್ಲ ಅಂತ ತೋರಿಸ್ಬೇಕು ನನಗೆ. ಅಷ್ಟೇ."

ಮರುದಿನ ಹೇಮಲತಾ ಆಫೀಸಿನ ಬಚ್ಚಲಲ್ಲಿ ಮುಖ ತೊಳೆದುಕೊಂಡು, ಕ್ರೀಮಿಲ್ಲದ ಕೆನ್ನೆಯಲ್ಲೇ ವಿನಯ್ ಎದುರು ಕುಳಿತಳು.

"ಇದು ನನ್ನ ಫೀಡ್‌ಬ್ಯಾಕ್ ಕೂಡ, ಸರ್."

ವಿನಯ್ ಪರದೆಯಿಂದ ಕಣ್ಣು ಕಿತ್ತು ಅವಳನ್ನು ನೋಡಿದರು. ನಿಜಕ್ಕೂ ನಾಚಿದ್ದರು. "ಸಾರಿ ಹೇಮಾ... ನನಗೆ ಹೊಳೀಲೇ ಇಲ್ಲ. ಮೇಲಿನವರಿಗೆ ಬರೀತೀನಿ. ಆದ್ರೆ ಈ ವರ್ಷದ ವರ್ಷನ್‌ನಲ್ಲಿ ಆಗಲ್ಲ. ನನ್ನ ಕೈಲೂ ಏನೂ ಇಲ್ಲ."

ಈ ವರ್ಷ ಆಗಲ್ಲ! ಆ ತಾಯಿಗೆ ಮುಂದಿನ ವರ್ಷ ಎಲ್ಲಿಂದ ತರುವುದು?

ಫೋನಿನಲ್ಲಿ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಭಾನುವಾರ ರೈಲು ಹತ್ತಿದಳು.

ಗೋರ್ವಾದ ಹೋಟೆಲಿನ ಪಕ್ಕಕ್ಕೆ ಅಂಟಿಕೊಂಡಂತಿತ್ತು ಸ್ಟುಡಿಯೋ. ಅವಳನ್ನು ಕಂಡು ದಿವಾಕರ ಎದ್ದು ನಿಂತ. ಮಾತಿಗೆ ಮೊದಲೇ ಅವಳ ಕಣ್ಣು ಸುದ್ದಿ ಹೇಳಿಬಿಟ್ಟಿತು.

"ಆಗ್ಲಿಲ್ಲ ಅಲ್ವಾ?"

"ಇಲ್ಲ... ನನ್ನಿಂದ ಏನೂ ಆಗ್ಲಿಲ್ಲ."

"ಅದನ್ನು ಹೇಳ್ಲಿಕ್ಕೆ ಇಷ್ಟು ದೂರ ಬಂದ್ರಾ?"

ಅವಳು ಅಮ್ಮನನ್ನು ನೋಡಬೇಕೆಂದಳು.

ಮೇಲಿನ ಕೋಣೆಯಲ್ಲಿ ಅವನ ತಾಯಿ ಸುಮತಿಯಮ್ಮ ದಿಂಬಿಗೊರಗಿದ್ದರು. ಅಪರಿಚಿತರ ಹೆಜ್ಜೆ ಕೇಳಿ ಸೆರಗು ಕೆನ್ನೆಗೆಳೆದುಕೊಂಡವರು, ಹೇಮಲತಾಳನ್ನು ಕಂಡು ಹಾಗೇ ನೋಡುತ್ತ ಉಳಿದರು. ಸೆರಗು ಕೈಜಾರಿತು.

"ನಿನಗೂ ಉಂಟಾ ಮಗಾ?"

ಒಣಗಿದ ಬೆರಳು ಅವಳ ಮಚ್ಚೆಯನ್ನು ಸವರಿತು. ಅಲ್ಲಿ ಇಷ್ಟು ಮೆತ್ತಗೆ ಯಾರೂ ಮುಟ್ಟಿರಲಿಲ್ಲ. ಹೇಮಲತಾ ಬಿಕ್ಕಿದಳು.

"ನನಗೆ ಒಬ್ಬಳಿಗೇ ಫೋಟೋಗೆ ಕೂರೋಕೆ ಭಯ ಅಮ್ಮ. ನನ್ನ ಜೊತೆ ಕೂತ್ಕೋತೀರಾ?"

ಸುಮತಿಯಮ್ಮ ಮಗನ ಮುಖ ನೋಡಿದರು. ಬಳಿಕ ನಿಧಾನವಾಗಿ ಜಡೆ ಸರಿಮಾಡಿಕೊಂಡರು.

ಅಮ್ಮನನ್ನು ಮೆಲ್ಲನೆ ಕೆಳಗಿನ ಸ್ಟುಡಿಯೋಗೆ ಕರೆತಂದು, ಇಬ್ಬರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದಾಗ ದಿವಾಕರ ಬಟನ್ ಒತ್ತಲು ಹಿಂಜರಿದ. "ಒತ್ತು," ಎಂದರು ಅಮ್ಮ. ಗೆರೆ ಓಡಿತು. ಇಬ್ಬರ ಕೆನ್ನೆಯನ್ನೂ ಬಿಟ್ಟೇ ಓಡಿತು!

ದಿವಾಕರ ಕಣ್ಣು ಮುಚ್ಚಿಕೊಂಡ. ಆದರೆ ಸುಮತಿಯಮ್ಮನ ಎದೆಯಿಂದ ಸಣ್ಣ ನಗು ಎದ್ದಿತು.

"ಹೋಗ್ಲಿ ಬಿಡು. ಈ ಸಲ ನಾನೊಬ್ಬಳೇ ಅಲ್ಲವಲ್ಲ. ಏನೂ ತಿದ್ದಬೇಡ ಮಗಾ, ಹೀಗೇ ಪ್ರಿಂಟ್ ತೆಗೆದುಕೊಡು."

ಆ ಫೋಟೋವನ್ನು ಅವರು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡರು. ತಿಂಗಳು ಕಳೆಯುವುದರೊಳಗೆ ತೀರಿಕೊಂಡರು.

ಸುದ್ದಿ ಕೇಳಿ ಹೇಮಲತಾ ವಡೋದರಾಕ್ಕೆ ಓಡಿದಳು, ಅತ್ತಳು, ಮರಳಿದಳು. ಆಮೇಲೆ ದಿವಾಕರನ ಫೋನ್ ಬರಲಿಲ್ಲ. ತಾನೇ ಮಾಡೋಣವೆಂದರೆ ಏನೆಂದು ಕೇಳುವುದು? 'ಅಮ್ಮನಿಗೋಸ್ಕರ ಬೇಕಾಗಿದ್ದೆ. ಅಮ್ಮನೇ ಇಲ್ಲ...' ಇಷ್ಟಕ್ಕೂ ತನ್ನ ಕೆನ್ನೆ ನೋಡಿ ಹೊರಟುಹೋದ ವರರು ಕಡಿಮೆಯೇ?

ಒಂದು ಮಧ್ಯಾಹ್ನ, ಅವನು ಅವಳ ಆಫೀಸಿನ ಗೇಟಿನ ಹತ್ತಿರ ನಿಂತಿದ್ದ. ಸೊರಗಿದ್ದ, ಗಡ್ಡ ಬಿಟ್ಟಿದ್ದ.

"ಹೇಮಲತಾ... ನನ್ನನ್ನು ಮದುವೆ ಆಗ್ತೀರಾ?"

ಅವಳು ಹಂಬಲಿಸಿದ್ದ ಮಾತೇ... ಆದರೂ ಭಯ!

"ನನ್ನ ಮುಖದಲ್ಲಿ ನಿಮಗೆ ಅಮ್ಮ ಕಾಣ್ತಾರೆ ಅಲ್ವಾ? ಅದಕ್ಕೇ ಕೇಳ್ತಿದ್ದೀರಾ?"

"ಮೊದಲು ಹಾಗೇ ಇತ್ತು, ಸುಳ್ಳು ಹೇಳುದಿಲ್ಲ. ಅದೇ ಹೆದರಿಕೆಗೆ ಫೋನ್ ಮಾಡ್ಲಿಲ್ಲ." ಅವನು ತಡವರಿಸಿದ. "ಆದ್ರೆ ಅಮ್ಮನಿಗೆ ಸಿಟ್ಟೇ ಬರ್ತಿರ್ಲಿಲ್ಲ, ಎಲ್ಲ ನುಂಗ್ತಿದ್ರು. ನೀವು ಆವತ್ತು ಸೂರತ್ತಲ್ಲಿ ಎದುರು ಬಂದು ನಿಂತಿರಲ್ಲ... ನನಗೆ ಈಗ ಬೇಕಾಗಿರುದು ಆ ಬೈಗುಳ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಇದು ಹರಡುತ್ತೆ ದಿವಾಕರ್. ಕಣ್ಣಿನ ಸುತ್ತ, ಕೈಗೆ... ಡಾಕ್ಟರ ಕೈಲೂ ಇಲ್ಲ."

"ನನ್ನ ಕೈಯಲ್ಲೂ ಇಲ್ಲ. ಏನೂ ಮಾಡ್ಲಿಕ್ಕಾಗುದಿಲ್ಲ ನನ್ನಿಂದ. ಪಕ್ಕದಲ್ಲಿ ಕೂರ್ತೇನೆ. ಅಷ್ಟು ಸಾಕಾ?"

ಅವಳು ಕಣ್ಣೊರೆಸಿಕೊಂಡಳು. ಈಚೆಗೆ ಮತ್ತೆ ಬಳಿಯತೊಡಗಿದ್ದ ಕ್ರೀಮು ಅಂಗೈಗೆ ಬಂತು. ಸರಿಮಾಡಿಕೊಳ್ಳಲು ಹೋಗಲಿಲ್ಲ.

"ಊಟ ಆಯ್ತಾ ನಿಮ್ಮದು?"

"ಇಲ್ಲ."

"ಇಲ್ಲೇ ಊರಂಚಿನ ಬೋಪಾಲ್‌ನಲ್ಲಿ ಮನೆ. ಅಪ್ಪ ಇರ್ತಾರೆ. ಬನ್ನಿ."

"ಈಗಲೇ ಅವರ ಹತ್ರ ಕೇಳುದಾ?" ಅವನು ಗಾಬರಿಯಾದ.

"ಮೊದಲು ಊಟ ಮಾಡಿ," ಎಂದು ಅವಳು ಅವನ ಕೈ ಹಿಡಿದಳು. "ನಿಮಗೆ ಬಾಯಿ ಬರ್ಲಿಲ್ಲ ಅಂದ್ರೆ, ನಾನೇ ಕೇಳ್ತೀನಿ."