ಹಳೇ ಪೇಪರಿನ ರೈಲು

ಮೊದಲ ಸಲ ನೋಡಿದಾಗ ಗಂಗಾಗೆ ಕದಿರೇಶನ ಮೇಲೆ ಬಂದದ್ದು ಮೈಯುರಿಯುವಷ್ಟು ಕೋಪ.

ಮುಳಬಾಗಿಲಿನಿಂದ ಎಳೇ ರೇಷ್ಮೆ ಹುಳುಗಳನ್ನು ವ್ಯಾನಿನಲ್ಲಿ ತಂದವನು, ಅವನ್ನು ಇಳಿಸುವುದು ಬಿಟ್ಟು ಅಂಗಳದಲ್ಲಿ ಹಳೇ ಪೇಪರ್ ಓದುತ್ತಾ ನಿಂತಿದ್ದ. ಹುಳು ಗೂಡು ಕಟ್ಟುವಾಗ ಬಿದಿರಿನ ಚಂದ್ರಿಕೆ ತಟ್ಟಿಗಳ ಕೆಳಗೆ ಹಾಸಲೆಂದು ಅವನೇ ತಂದಿದ್ದ ರದ್ದಿ ಕಟ್ಟು ಅದು.

"ಏನ್ರೀ, ಬಿಸಿಲಿಗೆ ಹುಳ ಬಾಡ್ತಾ ಐತೆ, ನೀವು ಪೇಪರ್ ಓದ್ಕೊಂಡು ನಿಂತಿದ್ದೀರಲ್ಲ!"

"ಅಲ್ರೀ, ಇಲ್ನೋಡಿ. 'ಮಾವಿನ ತೋಪಿಗೆ ನುಗ್ಗಿದ ಕರಡಿ: ಕಾವಲುಗಾರ ಪರಾರಿ.' ಇಷ್ಟೇ ಹಾಕವ್ರೆ. ಆಮೇಲೆ ಏನಾಯ್ತು ಅಂತ ಹೇಳ್ಬೇಡ್ವಾ?"

ಗಂಗಾ ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಎಷ್ಟೋ ವರ್ಷದ ಹಳೇ ಪೇಪರು, ಮೂಲೆಯೆಲ್ಲ ಹಳದಿ ತಿರುಗಿತ್ತು.

"ಆಮೇಲೆ ತೋಪಿನ ಯಜಮಾನ ಕರಡೀನೇ ಕಾವಲಿಗೆ ಇಟ್ಕೊಂಡ. ಸಂಬಳ ಕೇಳಲ್ಲ, ಬೀಡಿ ಸೇದಲ್ಲ. ಸಾಕಾ? ಈಗ ಹುಳ ಇಳಿಸ್ರಿ."

ಅವನು ನಗಲಿಲ್ಲ. ಗಲ್ಲ ಕೆರೆದುಕೊಂಡು ಗಂಭೀರವಾಗಿ ಯೋಚಿಸಿದ. "ಆ ವರ್ಷ ಒಂದು ಹಣ್ಣೂ ಮಂಡಿ ಮುಟ್ಟಿರಲ್ಲ ಬಿಡ್ರಿ," ಎಂದ.

ನಕ್ಕಿದ್ದು ಗಂಗಾ. ಕೋಪ ಅಲ್ಲೇ ಎಲ್ಲೋ ಕಳೆದುಹೋಯಿತು, ಆಮೇಲೆ ಹುಡುಕಿದರೂ ಸಿಗಲಿಲ್ಲ.

ಅಂದಿನಿಂದ ಪ್ರತಿ ಬೆಳೆಗೂ ಹುಳು ಬಂದವು, ರದ್ದಿ ಬಂತು, ಕದಿರೇಶನೂ ಬಂದ. ಇಳಿಸಿ ಹೋಗಬೇಕಾದವನು ಹಾಳೆ ಬಿಡಿಸಿ ಜೋಡಿಸುವ ನೆಪದಲ್ಲಿ ಹುಳುವಿನ ಮನೆಯಲ್ಲೇ ಕೂತುಬಿಡುತ್ತಿದ್ದ. ಎದುರಿಗೆ ಗಂಗಾ. ಅವಳ ಅಮ್ಮ ಶಾಮಲಮ್ಮ ಹಿಪ್ಪುನೇರಳೆ ಸೊಪ್ಪು ಹೊತ್ತು ಓಡಾಡುತ್ತಾ, ಇಬ್ಬರ ನಗು ಜೋರಾದಾಗ ಕೆಮ್ಮುತ್ತಿದ್ದಳು.

"'ಟೊಮೆಟೊಗೆ ಬಂಗಾರದ ಬೆಲೆ'," ಎಂದು ಅವನು ಓದುತ್ತಿದ್ದ. "ಆಮೇಲೆ?"

"ಆಮೇಲೆ ಕೋಲಾರದಲ್ಲೊಂದು ಮದ್ವೆ ಆಯ್ತು. ಹುಡುಗಿಗೆ ಸರದ ಬದ್ಲು ಒಂದು ಕ್ರೇಟ್ ಟೊಮೆಟೊ ಕೊಟ್ರು. ಅತ್ತೆ ಬೀರೂನಲ್ಲಿಟ್ಟು ಬೀಗ ಹಾಕಿದ್ಲು."

"ವಾರ ಬಿಟ್ಟು ಬೀಗ ತೆಗೆದ್ರೆ?"

"ಬೀರೂ ತುಂಬಾ ಗೊಜ್ಜು."

ಹಾಳೆಯ ಮೇಲಂಚಿನಲ್ಲಿ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಓದುವವನ ಕಣ್ಣು ಸಾಲಿನ ಮೇಲೆ ಓಡಬೇಕು. ಇವನವು ಒಂದೇ ಕಡೆ ನಿಂತಿರುತ್ತಿದ್ದವು. ಗಂಗಾ ತಲೆಯೆತ್ತಿದಾಗ ಮಾತ್ರ ಗಡಿಬಿಡಿಯಿಂದ ಓಡುತ್ತಿದ್ದವು. ಅದಕ್ಕೇ ಅವಳು ಬೇಕೆಂದೇ ಆಗಾಗ ತಲೆಯೆತ್ತುತ್ತಿದ್ದಳು.

ಒಂದು ದಿನ ಸಿಕ್ಕಿದ್ದು, 'ಗೌನಿಪಲ್ಲಿಗೆ ರೈಲು: ಶೀಘ್ರವೇ ಸರ್ವೆ'.

"ನಮ್ಮ ಹುಣಸೆ ಮರದ ಹತ್ರಾನೇ ಸ್ಟೇಷನ್ನು," ಎಂದಳು ಗಂಗಾ. "ಅಮ್ಮ ಡೈರಿಗೆ ಹಾಲು ಹಾಕಿ ಬರೋ ತನಕ ಡ್ರೈವರ್ ಕಾಯ್ತಾನೆ."

"ಹಂಗಾದ್ರೆ ಮುಳಬಾಗಿಲಿಂದ ನಾನು ದಿನಾ ಬರ್ತೀನಿ."

"ದಿನಾ ಯಾಕೆ? ಹುಳ ಬರೋದು ಬೆಳೆಗೊಂದು ಸಲ ತಾನೇ?"

ಕದಿರೇಶನ ಕಿವಿ ಕೆಂಪಗಾಯಿತು. "ರೈಲಲ್ಲಿ ಕಡ್ಲೇಕಾಯಿ ಚೆನ್ನಾಗಿರುತ್ತಲ್ಲ, ಅದಕ್ಕೆ," ಎಂದುಬಿಟ್ಟ.

ಗಂಗಾಗೆ ಹಾಳೆ ಸುತ್ತಿ ಅವನ ತಲೆಗೆ ಮೊಟಕಬೇಕೆನಿಸಿತು. ಕರಡಿಯ ಮುಂದಿನ ಗತಿ ಹೇಳಲು ಬರುವ ಬಾಯಿಗೆ, ಹೇಳಬೇಕಾದ ಒಂದು ಮಾತು ಬರುವುದಿಲ್ಲವಲ್ಲ!

ಗೋಡೆಯಾಚೆ ಜಗಲಿಯಲ್ಲಿ ಅವಳು ನಾಯನ ಎಂದು ಕರೆಯುವ ಅಪ್ಪ ಪೆದ್ದಪ್ಪ ಮಲಗಿರುತ್ತಿದ್ದ. ಓದುವ ಕನ್ನಡಕ ಒಡೆದ ಮೇಲೆ ಅವನು ಸುದ್ದಿಯನ್ನೆಲ್ಲ ಕಿವಿಯಿಂದಲೇ ತಿಳಿಯುತ್ತಿದ್ದ. ಒಳಗೆ "ಆಮೇಲೆ" ಎಂದರೆ ಪೇಪರ್ ಮುಗಿದು ಕಟ್ಟುಕಥೆ ಶುರುವಾಯಿತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೇಳಿದ್ದನ್ನೆಲ್ಲ ಇನ್ನೂ ಬಿಸಿಯಿರುವಾಗಲೇ ಗೌನಿಪಲ್ಲಿಯ ಟೀ ಅಂಗಡಿಗೆ ಸಾಗಿಸುತ್ತಿದ್ದ.

ಮುಂದಿನ ಬೆಳೆಗೆ ಕದಿರೇಶ ಬಂದಾಗ ಗಂಗಾ ರದ್ದಿ ಕಟ್ಟನ್ನು ಬಿಚ್ಚಲೇ ಇಲ್ಲ.

"ಭಾನುವಾರ ನನ್ನ ನೋಡಕ್ಕೆ ಬರ್ತಾವ್ರೆ. ಮಾಲೂರಿನವ್ರು."

ಅವನ ಕೈಯಲ್ಲಿದ್ದ ಹುಳುವಿನ ತಟ್ಟೆ ಹಾಗೇ ನಿಂತಿತು.

"ಹುಡುಗ ದಿನಾ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾನಂತೆ. ಹೋದ ವರ್ಷ, ಮಾವನ ಮನೆಗೆ ಬರ್ಬೇಕಂದ್ರೆ ಮೂರು ಬಸ್ ಹತ್ಬೇಕು ಅಂತ ಬೇಡ ಅಂದಿದ್ರು. ಈಗ ಒಪ್ಕೊಂಡವ್ರೆ."

"ಈಗ್ಯಾಕೆ?"

"ಗೌನಿಪಲ್ಲಿಗೆ ರೈಲು ಬರ್ತೈತಲ್ಲ! ನಾಯನ ಮದ್ವೆ ಬ್ರೋಕರ್ ಮುನಿಯಲ್ಲಪ್ಪನಿಗೆ ಹೇಳವ್ನೆ. ಹುಣಸೆ ಮರದ ಹತ್ರಾನೇ ಸ್ಟೇಷನ್ನು ಅಂತ."

ಕದಿರೇಶನಿಗೆ ನಗು ಬಂತು. ಅವಳ ಮುಖ ಕಂಡು ಅರ್ಧಕ್ಕೇ ನಿಂತಿತು.

"ಹೇಳ್ರಿ ಈಗ," ಎಂದಳು. "ಕರಡಿಗೆ 'ಆಮೇಲೆ' ಅಂದ್ರಿ, ಟೊಮೆಟೊಗೆ ಅಂದ್ರಿ. ಇದಕ್ಕೆ ನೀವೇ ಹೇಳ್ರಿ. ಆ ರೈಲಲ್ಲಿ ನಾನು ಮಾಲೂರಿಗೆ ಹೊರಟೋದೆ. ಆಮೇಲೆ?"

ಅವನು ತಟ್ಟೆಯನ್ನು ಜೋಪಾನವಾಗಿ ಇಳಿಸಿ ಹೊರಗೆ ಹೋದ. ಹೋಗಲಿ ಬಿಡು ಎಂದುಕೊಂಡು ಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ವ್ಯಾನಿನ ಸದ್ದಿಗೆ ಕಾದಳು. ಸದ್ದು ಬಂದದ್ದು ಜಗಲಿಯಿಂದ.

"ಯಜಮಾನ್ರೇ, ರೈಲು ಬರಲ್ಲ."

"ಯಾರ್ಲಾ ಹೇಳಿದ್ದು? ಪೇಪರಲ್ಲಿ ಬಂದೈತೆ!" ಪೆದ್ದಪ್ಪ ಎದ್ದು ಕೂತ.

"ಆ ಪೇಪರ್ ಯಾವುದೋ ಕಾಲದ್ದು. ಅದ್ರಲ್ಲೂ ಸರ್ವೆ ಅಂತ ಇದ್ದಿದ್ದಷ್ಟೇ. ಸ್ಟೇಷನ್ನು, ಹುಣಸೆ ಮರ, ಹಾಲಿಗೆ ಕಾಯೋ ಡ್ರೈವರ್ರು, ಎಲ್ಲಾ ನಾವು ಕಟ್ಟಿದ್ದು."

"ಹಂಗಾದ್ರೆ ಟೊಮೆಟೊ ಬೀರೂನಲ್ಲಿಟ್ಟ ಅತ್ತೆ?"

"ಅದೂ ನಾವೇ."

ಪೆದ್ದಪ್ಪ ಆಸೆ ಬಿಡಲಾರದೆ ಕೇಳಿದ: "ಕರಡಿ?"

"ಕರಡಿ ಬಂದಿದ್ದು ನಿಜ. ಕೆಲ್ಸಕ್ಕೆ ಸೇರಿದ್ದು ಸುಳ್ಳು."

"ಅಯ್ಯೋ ದೇವುಡಾ! ಆ ಕರಡಿಗೋಸ್ಕರ ಟೀ ಅಂಗಡಿ ಶ್ರೀರಾಮಪ್ಪನ ಜೊತೆ ಜಗಳ ಆಡಿ ಮಾತು ಬಿಟ್ಟಿದ್ದೀನಲ್ಲೋ!" ಪೆದ್ದಪ್ಪನ ದನಿ ಏರಿತು. "ನನ್ನ ಮನೇಲಿ ಕೂತ್ಕೊಂಡು ಇಷ್ಟು ದಿನ ಬರೀ ಸುಳ್ಳಾ? ನಾಳೆಯಿಂದ ನಿನ್ನ ಹುಳಾನೂ ಬೇಡ, ನೀನೂ ಬೇಡ. ಒಂದಾದ್ರೂ ನಿಜ ಆಡಿದ್ಯೇನ್ಲಾ ಇಲ್ಲಿ?"

ಗೋಡೆಯ ಈಚೆ ಗಂಗಾ ಕಿವಿ ಹಚ್ಚಿ ನಿಂತಳು.

"ಆಡಿಲ್ಲ ಮಾಮ. ಈಗ ಆಡ್ತೀನಿ." ಯಜಮಾನ್ರೇ ಎನ್ನುತ್ತಿದ್ದವನ ಬಾಯಲ್ಲಿ ಮಾಮ ಎಂದು ಕೇಳಿ ಅವಳು ಬಾಗಿಲ ಹತ್ತಿರಕ್ಕೆ ಸರಿದಳು. "ನಂಗೆ ಗಂಗಾ ಅಂದ್ರೆ ಇಷ್ಟ. ಈ ಊರಿಗೆ ಹುಳ ಇಳಿಸೋ ಪಾಳಿ ನಂದಲ್ಲ. ಬೇರೆಯವ್ರನ್ನ ಬೇಡಿಕೊಂಡು ಬರ್ತಾ ಇದ್ದೆ. ನನಗೆ ರೈಲು ಬೇಕಾಗಿಲ್ಲ."

ಪೆದ್ದಪ್ಪ ಒಳಗೆ ತಿರುಗಿ ಕೂಗಿದ.

"ಗಂಗಾ! ಬಾ ಇಲ್ಲಿ!"

ಅವಳು ಬಾಗಿಲಿಗೆ ಬಂದಳು. ಕದಿರೇಶ ತಲೆ ತಗ್ಗಿಸಿ ನಿಂತಿದ್ದ.

"ಇದೂ ನೀವಿಬ್ರೂ ಕಟ್ಟಿದ್ದಾ?"

"ಇಲ್ಲ ನಾಯನಾ. ಇದನ್ನ ನಾನೂ ಈಗ್ಲೇ ಕೇಳಿದ್ದು."

"ಕೇಳಿ?"

ಗಂಗಾ ಬಾಗಿಲ ಚಿಲಕವನ್ನು ಉಗುರಿನಿಂದ ಕೆರೆದಳು. "ಕೇಳಿ... ಇದೊಂದಾದ್ರೂ ನಿಜ ಆಗ್ಲಿ ಅನ್ನಿಸ್ತು."

ಒಳಗಿನಿಂದ ಶಾಮಲಮ್ಮ ಕೆಮ್ಮಲಿಲ್ಲ. ಪೆದ್ದಪ್ಪ ಹೆಂಡತಿಯ ಆ ಮೌನಕ್ಕೆ ಕಿವಿಗೊಟ್ಟು, ಮಗಳ ಒದ್ದೆ ಕಣ್ಣು ನೋಡಿ, ಫೋನ್ ತೆಗೆದ.

"ಮುನಿಯಲ್ಲಪ್ಪಾ, ರೈಲು ಬರಲ್ಲಪ್ಪ. ಹೂಂ, ಕ್ಯಾನ್ಸಲ್ಲು. ಮಾಲೂರಿನವ್ರಿಗೆ ಹೇಳ್ಬಿಡು, ಮೂರು ಬಸ್ಸೇ. ...ಹಂಗಾದ್ರೆ ಅವ್ರು ಬರಲ್ಲ ಅಂತೀಯಾ? ಸರಿ, ಅವ್ರಿಷ್ಟ."

ಫೋನ್ ಜೇಬಿಗಿಟ್ಟು ಕದಿರೇಶನ ಕಡೆ ತಿರುಗಿದ. "ನಿಮ್ಮಪ್ಪ ಅಮ್ಮನ್ನ ಕರ್ಕೊಂಡ್ ಬಾ. ಮಾತು ಅವ್ರು ಆಡ್ಲಿ. ನೀನು ಮಾತ್ರ ಬಾಯಿ ಬಿಡಬೇಡ."

ವ್ಯಾನಿನವರೆಗೂ ಗಂಗಾ ಜೊತೆಗೆ ನಡೆದಳು. ಕದಿರೇಶ ಬಾಗಿಲು ತೆಗೆದ, ಹತ್ತಲಿಲ್ಲ. ಈ ಸಲ ಅವಳು ತಲೆಯೆತ್ತಿದರೂ ಅವನ ಕಣ್ಣು ಎಲ್ಲೂ ಓಡಲಿಲ್ಲ.

"ನಾಯನಂಗೆ ಹೇಳಿದ್ರಿ," ಎಂದಳು. "ನಂಗೆ ಯಾರು ಹೇಳ್ತಾರೆ?"

ಅವನು ಜಗಲಿಯ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

"ಅದು ಅವ್ರ ಮುಂದೆ. ನನ್ನ ಮುಂದೆ ಬಾಯಿ ಬಿಡಬಹುದು."

"ನೀನಂದ್ರೆ ಪ್ರಾಣ ಕಣೇ," ಎಂದ ಕದಿರೇಶ, ನಗದೇ. ಗಂಗಾ 'ಆಮೇಲೆ?' ಎಂದು ಕೇಳಲಿಲ್ಲ.