ಹುಲ್ಲಿನ ಗುಂಡಿಗೆ ತೂರಿದ ಮಣ್ಣು

“ಆ ಹಾಲು ಕುಡೀಬೇಡಿ, ಅಯ್ಯಾ. ನಾನೇ ಹೇಳ್ತಿದೀನಿ.”

ಮುತ್ತಿನಕೊಪ್ಪದ ಪಟೇಲ ಕಲ್ಲೇಶಪ್ಪನ ಅಂಗಳದಲ್ಲಿ ಕೂಲಿಯ ಸುಬ್ಬಿ ಕೈಮುಗಿದು ನಿಂತಿದ್ದಳು. ಮಾಟಗಾತಿಯೆಂದು ಅವಳನ್ನು ಊರು ಬಿಡಿಸಲು ಜನ ಸೇರಿದ್ದರು. ಅವಳ ಪರವಾಗಿ ನಿಂತವನು ಒಬ್ಬನೇ, ಮಹಾರಾಜರ ಸರ್ಕಾರ ಹೊಸದಾಗಿ ಕಳಿಸಿದ್ದ ದನದ ಡಾಕ್ಟರ್ ರೇಣುಕಪ್ಪ. ಅವನು ನಕ್ಕುಬಿಟ್ಟ.

“ಉಳಿಸೋಕೆ ಬಂದವನನ್ನೇ ಹೆದರಿಸ್ತೀಯಲ್ಲ ಮಾರಾಯ್ತಿ.”

“ಮಣ್ಣು ತೂರಿದ್ದು ಸುಳ್ಳಲ್ಲ, ಅಯ್ಯಾ.”

ಸುಳ್ಳಲ್ಲ. ಹಸಿಹುಲ್ಲನ್ನು ನೆಲದೊಳಗೆ ತುಳಿದು ಮುಚ್ಚಿಟ್ಟರೆ ಹುಳಿಮೇವಾಗಿ ಬೇಸಿಗೆಗೂ ಒದಗುತ್ತದೆಂದು ಪಟೇಲನಿಂದ ಗುಂಡಿ ತೋಡಿಸಿದವನು ರೇಣುಕಪ್ಪನೇ. ಹುಲ್ಲು ತುಳಿಯಲು ಇಳಿದ ಸುಬ್ಬಿಯ ಗಂಡ ಐತನ ಮೇಲೆ ಗುಂಡಿಯ ಗೋಡೆ ಕುಸಿಯಿತು. ಹೆಣ ಎತ್ತಿದರು. ಹುಲ್ಲು ದಂಡವಾಗಬಾರದೆಂದು ಅದೇ ಸಂಜೆ, ಕುಸಿದ ಮಣ್ಣಿನ ಸಮೇತ ತುಳಿಸಿದರು. ಮುಚ್ಚುವ ಮೊದಲು ಸುಬ್ಬಿ ಒಂದು ಹಿಡಿ ಮಣ್ಣು ಎತ್ತಿ ಗುಂಡಿಯೊಳಕ್ಕೆ ತೂರಿದ್ದಳು. “ನನ್ನ ಗಂಡನ್ನ ನುಂಗಿದ ಹುಲ್ಲು ತಿಂದದ್ದು ದಾರಿ ತಪ್ಪಿ ಸುತ್ತಲಿ. ಹೊಟ್ಟೇಲಿರೋದು ನಿಲ್ಲದೆ ಹೋಗಲಿ.”

ಬೇಸಿಗೆಯಲ್ಲಿ ಗುಂಡಿ ತೆರೆದರು. ದನ ಸುತ್ತತೊಡಗಿದವು.

ಕೊಟ್ಟಿಗೆಯ ಕತ್ತಲಲ್ಲಿ ಎಡಕ್ಕೆ, ಎಡಕ್ಕೇ. ನಿಲ್ಲದ ಗೊರಸಿನ ಸದ್ದು. ಎಡಗಿವಿ ಜೋತು, ಕೆನ್ನೆಯೊಳಗೆ ಮೇವು ಸಿಕ್ಕಿ ಕೊಳೆತು ನಾರುತ್ತ, ಜೊಲ್ಲು ಹಗ್ಗದಂತೆ ಇಳಿಸುತ್ತ, ಕೊನೆಗೆ ಗೋಡೆಗೆ ಹಣೆಯೊತ್ತಿ ಸತ್ತವು. ಗಬ್ಬದ ಹಸುಗಳು ಕಂದು ಹಾಕಿದವು. ಐತನ ಸಾವಿಗೆ ಉತ್ತರ ಕೊಡದ ಊರು, ದನದ ಸಾವಿಗೆ ಸುಬ್ಬಿಯಿಂದ ಉತ್ತರ ಕೇಳಿತು.

“ಇದು ಮಿದುಳಿನ ರೋಗ,” ರೇಣುಕಪ್ಪ ಜನರತ್ತ ತಿರುಗಿ ಮತ್ತೆ ಹೇಳಿದ. “ಮಾಟವೇ ಆಗಿದ್ರೆ ಕಂದು ಹಾಕಿದ ಹಸುವಿನ ಹಾಲು ಕುಡಿದು ನಾನೂ ಸುತ್ತಬೇಕಲ್ಲ? ಕಾಯಿಸಿ ತನ್ನಿ.”

ಯಾರೂ ಏಳಲಿಲ್ಲ. ಮಾಟ ಬಿದ್ದ ಹಾಲನ್ನು ಆ ಊರಲ್ಲಿ ಒಲೆಗೇರಿಸುವುದಿಲ್ಲ; ಉಕ್ಕಿದರೆ ಮಾಟ ಮನೆಮನೆಗೂ ಹರಿಯುತ್ತದಂತೆ.

“ಹಸೀದೇ ಕೊಡಿ.” ಅರ್ಧ ತಂಬಿಗೆ ಕುಡಿದು ಬಾಯೊರೆಸಿಕೊಂಡ.

“ನೀವು ಕುಡಿದ್ರಿ ಡಾಕ್ಟ್ರೇ,” ಕಲ್ಲೇಶಪ್ಪ ಮೀಸೆಯಡಿ ನಕ್ಕ. “ನಿಮ್ಮ ಮನೆಯವರು?”

ಡಾಕ್ಟರ ಹೆಂಡತಿ ಸರ್ವಮಂಗಳಾ ತುಂಬಿದ ಬಸುರಿ. ಜಗಲಿಯ ಕಂಬ ಹಿಡಿದು ನಿಂತಿದ್ದಳು.

“ಬೇಡ ಅಮ್ಮಾ,” ಸುಬ್ಬಿ ಮುಂದೆ ಬಂದಳು. “ನಾನು ಊರು ಬಿಟ್ಟೇ ಹೋಗ್ತೀನಿ.”

ರೇಣುಕಪ್ಪ ತಂಬಿಗೆಯನ್ನು ಹೆಂಡತಿಯ ಕೈಗಿಟ್ಟ. ಅವಳು ಹಾಲನ್ನು ನೋಡಲಿಲ್ಲ. ಗಂಡನ ಮುಖ ನೋಡಿದಳು. ಕುಡಿದಳು.

ಸುಬ್ಬಿಯ ಗುಡಿಸಲು ಉಳಿಯಿತು. ಕೆಲವೇ ದಿನ. ಸರ್ವಮಂಗಳಾಗೆ ಜ್ವರ ಏರಿತು. ಬೆನ್ನು ಸೀಳುವ ನೋವು. ಹುಟ್ಟಿದ ಕೂಸು ಅಳಲಿಲ್ಲ. ಅದರ ಮೈತುಂಬ ರಾಗಿಯಷ್ಟು ಬಿಳಿ ಗುಳ್ಳೆ. ಕಂದು ಹಾಕಿದ ಕರುವನ್ನು ಕೊಯ್ದಾಗ ಅದರ ಯಕೃತ್ತಿನ ಮೇಲೆ ರೇಣುಕಪ್ಪ ಕಂಡದ್ದೂ ಇಂಥದೇ ಚುಕ್ಕೆ.

ಗುಂಡಿಗೆ ಓಡಿದ. ಇಳಿದ. ಮೇಲೆ ನಡುಹಗಲು, ಕೆಳಗೆ ಕತ್ತಲು. ಹದವಾದ ಮೇವಿಗೆ ಮಾಗಿದ ಹಣ್ಣಿನ ಹುಳಿವಾಸನೆ ಇರಬೇಕು. ಇಲ್ಲಿ ಹೆಣ ತೆಗೆದ ನೆಲದ ವಾಸನೆ. ಕೈಗೆ ಹತ್ತಿದ್ದು ಕಪ್ಪು ಲೋಳೆ. ಮಣ್ಣು. ಮತ್ತೂ ಮಣ್ಣು. ಅದರ ನಡುವೆ ಚಪ್ಪಟೆಯಾದ, ಐತನ ಅಡಿಕೆಹಾಳೆಯ ಟೋಪಿ.

ಮಣ್ಣು ಬೆರೆತು ಹುಳಿಯದೆ ಕೊಳೆತ ಈ ಮೇವೇ ರೋಗದ ಬೇರು. ಸುತ್ತಿದ ಎತ್ತು ತಿಂದದ್ದು ಇದನ್ನೇ. ಹಾಲಿತ್ತ ಹಸು ತಿಂದದ್ದೂ ಇದನ್ನೇ. ಸುಬ್ಬಿ ತೂರಿದ್ದು ಒಂದು ಹಿಡಿ. ಗುಂಡಿ ಮುಚ್ಚಿಸಿದವರು ತುಳಿಸಿದ್ದು ಕುಸಿದ ಒಂದಿಡೀ ಗೋಡೆ.

“ಏನು ಡಾಕ್ಟ್ರೇ?” ಗುಂಡಿಯ ಅಂಚಿನಲ್ಲಿ ಕಲ್ಲೇಶಪ್ಪ. ಅವನ ಹಿಂದೆ ಊರು. “ಅವಳ ಮಾಟವೋ, ನಿಮ್ಮ ಗುಂಡಿಯೋ? ಗುಂಡಿಯಾದ್ರೆ ನನ್ನ ದನ, ನಿಮ್ಮ ಕೂಸು, ಎರಡೂ ನಿಮ್ಮ ತಲೆಗೇ ಮಾರಾಯ್ರೆ.”

ಈ ಮೇವು ಸುಡಿ. ರೋಗದ ದನ ಬೇರೆ ಕಟ್ಟಿ. ಹಾಲು ಕಾಯಿಸಿ. ಅಷ್ಟು ಹೇಳಿದ್ದರೆ ಸಾಕಿತ್ತು. ತಂಬಿಗೆ ಹಿಡಿದ ಹೆಂಡತಿಯ ಕಣ್ಣು ಎದುರಿಗೆ ಬಂತು. ಆ ಕಣ್ಣಿಗೆ ಏನು ಹೇಳುವುದು?

“ಮಾಟ,” ಎಂದ.

ಹೊತ್ತು ಮುಳುಗುವ ಮೊದಲೇ ಗುಡಿಸಲು ಕಿತ್ತರು. ಸುಬ್ಬಿ ಗಂಟು ಹೊತ್ತು ಅವನ ಎದುರೇ ಹಾದುಹೋದಳು. “ನಿಮ್ಮ ಕೂಸಿಗೆ ನಾನು ತೂರಲಿಲ್ಲ, ಅಯ್ಯಾ.”

ಮರುದಿನ ರೇಣುಕಪ್ಪ ಬಾಯಿ ಮುಕ್ಕಳಿಸಿದ. ನೀರು ಎಡಗಡೆಯಿಂದ ಸೋರಿತು. ಎಡರೆಪ್ಪೆ ಮುಚ್ಚಲಿಲ್ಲ. ಮೈ ಕೆಂಡ. ತಿಳಿಯಿತು. ಪಟೇಲನ ಅಂಗಳಕ್ಕೆ ಓಡಿದ. ಆಳುಗಳು ಗುಂಡಿಯ ಹುಲ್ಲನ್ನು ಬುಟ್ಟಿಗೆ ತುಂಬುತ್ತಿದ್ದರು. ತಡೆಯಬೇಕು. ಈಗ ಹೇಳಲೇಬೇಕು. ನಾಲಿಗೆ ಹೊರಳಲಿಲ್ಲ. ಜೊಲ್ಲು ಹಗ್ಗದಂತೆ ಇಳಿಯಿತು. ಒಂದು ಹೆಜ್ಜೆ. ಎಡಕ್ಕೆ. ಇನ್ನೊಂದು. ಎಡಕ್ಕೇ.

ಕಲ್ಲೇಶಪ್ಪ ಹಿಂದೆ ಸರಿದ. “ನೋಡಿದ್ರಲ್ಲ. ಹೋಗೋಳು ಇವರ ಮೇಲೂ ಮಾಟ ಬಿಟ್ಟೇ ಹೋದಳು.”

ಆಮೇಲೆ ಆಳುಗಳತ್ತ ತಿರುಗಿದ. “ನಿಂತು ನೋಡೋದೆಂತ? ದನಕ್ಕೆ ಹುಲ್ಲು ಹಾಕಿ, ಹೊತ್ತಾಯ್ತು.”