ಆರನೇ ಮನೆಯ ಜೋಡಿ ವಾರ

"ಮುಟ್ಟಬೇಡ ಕಣೋ, ಅದು ನಮ್ಮಪ್ಪ."

ವೇಣಿ ಕೂಗಿದ ಕೂಗಿಗೆ ವಠಾರದ ತಗಡಿನ ಸೂರು ನಾಲ್ಕು ಬೆರಳು ಮೇಲೆದ್ದು ಮತ್ತೆ ಕೂತಿತು. ಪಕ್ಕದ ಮನೆಯ ಮುತ್ತು ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದು ಕೆಳಗೆ ನೋಡಿದ.

"ಇದು ಹೆಂಚಿನ ಚೂರು ಐತಲ್ಲ?"

"ಹೆಂಚಿನ ಚೂರು ಅಪ್ಪ. ಟೈಲ್ಸ್ ಚೂರು ಅಮ್ಮ. ನಾನು ಕುಂಟೆಬಿಲ್ಲೆ ಆಡ್ತಿಲ್ಲ, ಲೆಕ್ಕ ಮಾಡ್ತಿದೀನಿ."

ಹೆಬ್ಬಗೋಡಿಯ ಆ ವಠಾರದ ಓಣಿಯಲ್ಲಿ ವೇಣಿ ಸೀಮೆಸುಣ್ಣದಿಂದ ಸಾಲಾಗಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದಿದ್ದಳು. ಆ ಸಾಲು ಹೊಸೂರು ರೋಡಿಗಿಂತ ಒಂದೆರಡು ಮಾರು ಕಡಿಮೆ ಇದ್ದಿರಬಹುದು, ಅಷ್ಟೆ. ಒಂದೊಂದು ಮನೆ ಒಂದೊಂದು ವಾರ.

ಅವಳ ಅಪ್ಪ ಲೋಕೇಶ್ ಕಂಪನಿಯೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಅವನಿಗೆ ಒಂದು ವಾರ ಬೆಳಗಿನ ಫಸ್ಟ್ ಶಿಫ್ಟ್, ಮುಂದಿನ ವಾರ ಮಧ್ಯಾಹ್ನದ ಸೆಕೆಂಡ್, ಅದರ ಮುಂದಿನ ವಾರ ನೈಟ್. ಆಮೇಲೆ ಮತ್ತೆ ಫಸ್ಟ್. ಅಮ್ಮ ಸೌಮ್ಯ ಮಾತ್ರೆ ಪ್ಯಾಕ್ ಮಾಡುವ ಕಡೆ ಕೆಲಸಕ್ಕಿದ್ದಳು. ಅವಳಿಗೆ ನೈಟ್ ಇಲ್ಲ. ಒಂದು ವಾರ ಫಸ್ಟ್, ಒಂದು ವಾರ ಸೆಕೆಂಡ್. ರಜೆಯಾದರೂ ಒಂದೇ ದಿನವೇ? ಅಪ್ಪನಿಗೆ ಭಾನುವಾರ, ಅಮ್ಮನಿಗೆ ಬುಧವಾರ.

ಹೀಗಾಗಿ ಒಬ್ಬರು ಚಪ್ಪಲಿ ಬಿಡುವ ಹೊತ್ತಿಗೆ ಇನ್ನೊಬ್ಬರು ಚಪ್ಪಲಿ ಹಾಕುತ್ತಿದ್ದರು. ನೈಟ್ ವಾರದಲ್ಲಿ ಅಪ್ಪನಿಗೆ ಸಂಜೆಯೆಲ್ಲ ನಿದ್ದೆ. ಇಬ್ಬರಿಗೂ ಫಸ್ಟ್ ಶಿಫ್ಟ್ ಬಿದ್ದ ವಾರ ಮಾತ್ರ ದಿನಾ ಸಂಜೆ ಮೂವರೂ ಮನೆಯಲ್ಲಿ. ಅದಕ್ಕೆ ವೇಣಿ ಇಟ್ಟ ಹೆಸರು ಜೋಡಿ ವಾರ.

ಹೋದ ಜೋಡಿ ವಾರ ಹೇಗಿತ್ತು ಎಂದು ಕೇಳಬೇಕು ನೀವು. ಮೂವರೂ ಎದುರಿನ ಓನರ್ ಮನೆಯ ಮಹಡಿಯ ಮೇಲೆ ಚಾಪೆ ಹಾಸಿ ಕೂತಿದ್ದರು. ಅಮ್ಮ ಕಡಲೆಕಾಯಿ ಹುರಿದಳು. ಆ ವಾಸನೆಗೇ ಅವತ್ತು ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ ನಿಂತುಹೋಯಿತು. ಬೇರೆ ಕಾರಣ ಹೇಳುವವರನ್ನು ನಂಬಬೇಡಿ. ಅಪ್ಪ ತಾನು ಚಿಕ್ಕವನಿದ್ದಾಗ ಎಮ್ಮೆಯ ಮೇಲೆ ಕೂತು ಸ್ಕೂಲಿಗೆ ಹೋದ ಕತೆ ಹೇಳಿದ. "ಸುಳ್ಳು, ಅದು ಎಮ್ಮೆ ಅಲ್ಲ, ಅವರಣ್ಣನ ಬೆನ್ನು," ಎಂದಳು ಅಮ್ಮ. ವೇಣಿ ನಕ್ಕೂ ನಕ್ಕೂ ಚಾಪೆಯಿಂದ ಉರುಳಿದಳು. ದೂರದ ಫ್ಲೈಓವರ್ ಮೇಲಿನ ದೀಪಗಳನ್ನು ಎಣಿಸುತ್ತ ಅಮ್ಮನ ತೊಡೆಯ ಮೇಲೆ ನಿದ್ದೆ ಹೋದಳು. ಅವತ್ತಿನಿಂದ ಅವಳು ಕಣ್ಣು ಮುಚ್ಚಿದರೆ ಸಾಕು, ಆ ಚಾಪೆ ಕಾಣುತ್ತಿತ್ತು.

"ನೋಡು ಮುತ್ತು, ಅಪ್ಪ ಮೂರು ಮೂರು ಮನೆ ಹಾರ್ತಾರೆ. ಮೂರು, ಆರು. ಅಮ್ಮ ಎರಡೆರಡು. ಎರಡು, ನಾಕು, ಆರು. ಆರನೇ ಮನೇಲಿ ಇಬ್ರೂ ಸೇರಿದ್ರು. ಅದು ಯಾವ ವಾರ ಗೊತ್ತಾ? ನಾಳೆ ಸೋಮವಾರದಿಂದ."

ಮುತ್ತು ಎರಡೂ ಚೂರುಗಳನ್ನು ಬಹಳ ಹೊತ್ತು ನೋಡಿದ. "ಶಾಣ್ಯಾಕಿ ಅದೀ ಬಿಡು," ಎಂದ, ಅಷ್ಟೆ.

ವೇಣಿ ಒಳಗೆ ಬಂದಾಗ ಅಪ್ಪ ಬೂಟಿಗೆ ಬ್ರಷ್ ಹೊಡೆಯುತ್ತಿದ್ದ.

"ಪುಟ್ಟಿ, ನಾಳೆಯಿಂದ ನಂಗೆ ಸೆಕೆಂಡ್ ಶಿಫ್ಟ್ ಕಣೇ."

"ಇಲ್ಲಪ್ಪ, ಫಸ್ಟು. ಕಂಪನಿಯವರಿಗೆ ಲೆಕ್ಕ ತಪ್ಪಿದೆ."

"ಕಂಪನಿಯವರು ಸರಿಯಾಗೇ ಹಾಕಿದ್ರು. ನಾನೇ ಎಕ್ಸ್‌ಚೇಂಜ್ ಮಾಡ್ಕೊಂಡೆ, ಈ ಒಂದು ವಾರಕ್ಕೆ. ಪಕ್ಕದ್ಮನೆ ನೀಲಪ್ಪನ ಜೊತೆ."

ನೀಲಪ್ಪ ಎಂದರೆ ಮುತ್ತುವಿನ ಅಪ್ಪ. ಅವನೂ ಅದೇ ಕಂಪನಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು.

"ಅವರು ಕೇಳಿದ ತಕ್ಷಣ ಕೊಟ್ಬಿಡೋದಾ?"

"ಎಲ್ಲಿ ಕೇಳ್ದ? ಟೀ ಕುಡಿಯೋವಾಗೆಲ್ಲ ಬಾಯಿ ತೆರೀತಿದ್ದ, ಮುಚ್ತಿದ್ದ. ಕೊನೆಗೆ ನಾನೇ ಏನಣ್ಣ ಅಂತ ಕೇಳ್ದೆ."

ಅಪ್ಪ ಬ್ರಷ್ ಕೆಳಗಿಟ್ಟು ಇನ್ನೇನೋ ಹೇಳಲು ಹೊರಟ. ಕೇಳುವುದಕ್ಕೆ ವೇಣಿ ಅಲ್ಲಿದ್ದರೆ ತಾನೆ. ಅವಳ ಕಣ್ಣಲ್ಲಿ ಸಂಪು ತುಂಬುವಷ್ಟು ನೀರು, ಮೂಗಿನಲ್ಲಿ ಬಾಯ್ಲರ್‌ನಷ್ಟು ಹೊಗೆ. ಮುತ್ತುವನ್ನು ಹಿಡಿದು ಮುಂದಿನ ಜೋಡಿ ವಾರದವರೆಗೂ ಬೈಯಬೇಕೆಂದು ಅವಳು ಓಣಿಗೆ ನುಗ್ಗಿದಳು.

ಮುತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಬರೆದ ಸಾಲನ್ನು ಅವನು ನೀರಿನ ಟ್ಯಾಂಕಿನವರೆಗೂ ಬೆಳೆಸಿದ್ದ. ಕೈಯಲ್ಲಿ ಸೋಡಾ ಬಾಟಲಿಯ ಎರಡು ಮುಚ್ಚಳ.

"ಏನೋ ಮಾಡ್ತಿದೀಯ?" ಎಂದಳು ವೇಣಿ, ಬೈಗುಳದ ಮೊದಲ ಮಾತಿನಂತೆ.

"ನಿನ್ನ ಲೆಕ್ಕಾನ. ಕೆಂಪ ಮುಚ್ಚಳ ನಮ್ಮವ್ವ, ಹಸರ ನಮ್ಮಪ್ಪ. ಅವ್ವ ನಿಮ್ಮಮ್ಮನ ಜೋಡಿನ ಹೋಗ್ತಾಳಲ್ಲ, ಎರಡು, ನಾಕು, ಆರು. ಅಪ್ಪನ ಗೋಡೌನಿನಾಗೂ ನೈಟ್ ಇಲ್ಲ. ಅವ್ವಗ ಸೆಕೆಂಡ್ ಇದ್ದಾಗ ಅವಗ ಫಸ್ಟು. ಒಂದು, ಮೂರು, ಐದು." ಅವನು ಮುಚ್ಚಳಗಳನ್ನು ಹಾರಿಸುತ್ತ ಹಾರಿಸುತ್ತ ಟ್ಯಾಂಕು ಮುಟ್ಟಿದ. "ಇಲ್ಲೀ ಮಟಾ ಬಂದೆ. ಕೂಡವಲ್ಲವು."

"ಕೊಡಿಲ್ಲಿ, ನಿಂಗೆ ಬರಲ್ಲ."

ವೇಣಿ ಮುಚ್ಚಳಗಳನ್ನು ಕಿತ್ತುಕೊಂಡು ತಾನೇ ಹಾರಿಸಿದಳು. ಕೆಂಪು ಆರಕ್ಕೆ ಬಂದರೆ ಹಸಿರು ಏಳಕ್ಕೆ. ಕೆಂಪು ಎಂಟಕ್ಕೆ ಬಂದರೆ ಹಸಿರು ಒಂಬತ್ತಕ್ಕೆ. ಪಕ್ಕಪಕ್ಕದಲ್ಲೇ ಓಡುತ್ತವೆ, ಒಂದೇ ಮನೆಗೆ ಕಾಲಿಡುವುದಿಲ್ಲ. ತಮಿಳುನಾಡಿನ ಗಡಿ ದಾಟಿಸಿ, ಸಮುದ್ರಕ್ಕೆ ಇಳಿಸಿ, ಆಚೆ ದಡ ಹತ್ತಿಸಿದರೂ ಇವು ಸೇರುವ ಹಾಗೆ ಕಾಣಲಿಲ್ಲ.

ಅವಳ ಅಪ್ಪನ ಮೂರು, ಅಮ್ಮನ ಎರಡು ಹಾಗಲ್ಲ. ಈ ಸಲ ತಪ್ಪಿದರೆ ಹನ್ನೆರಡರಲ್ಲಿ ಸಿಗುತ್ತವೆ, ಅಲ್ಲೂ ತಪ್ಪಿದರೆ ಹದಿನೆಂಟರಲ್ಲಿ. ಬೇಡವೆಂದರೂ ಬಂದು ಸಿಗುತ್ತವೆ.

"ಊರಾಗ ಇದ್ದಾಗ ಇದೆಲ್ಲ ಲೆಕ್ಕ ಇದ್ದಿದ್ದಿಲ್ಲ," ಎಂದ ಮುತ್ತು. "ಹೊತ್ತು ಮುಣಗಿದ್ರ ಎಲ್ಲಾರೂ ಮನ್ಯಾಗ. ಅಪ್ಪ ಕತಿ ಹೇಳಾವ. ಅವ್ವ ರೊಟ್ಟಿ ಬಡಿಯೋ ಸಪ್ಪಳಕ್ಕ ಅರ್ಧ ಕೇಳತಿದ್ದಿಲ್ಲ. ಆ ಅರ್ಧ ಏನಿತ್ತೋ ಏನೋ."

ವೇಣಿಯ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದ ಬೈಗುಳಗಳು ಒಂದೊಂದಾಗಿ ಹಿಂದಕ್ಕೆ ಸರಿದವು.

"ನಿಮ್ಮಪ್ಪ ನಿಂಗೆ ಹೇಳಿಲ್ವಾ?" ಎಂದಳು.

"ಏನು?"

"ನಾಳೆಯಿಂದ ಅವರಿಗೆ ಫಸ್ಟ್ ಶಿಫ್ಟ್. ನಮ್ಮಪ್ಪನ ಜೊತೆ ಎಕ್ಸ್‌ಚೇಂಜ್ ಮಾಡ್ಕೊಂಡಿದಾರೆ."

ಮುತ್ತು ಹಸಿರು ಮುಚ್ಚಳ ಎತ್ತಿಕೊಂಡ. ಅದನ್ನು ಐದರ ಮೇಲೆ ಹಿಡಿದ, ಏಳರ ಮೇಲೆ ಹಿಡಿದ. ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ವೇಣಿ ಬಗ್ಗಿ ಆರನೇ ಮನೆಯಲ್ಲಿದ್ದ ಹೆಂಚಿನ ಚೂರನ್ನು ಎತ್ತಿಕೊಂಡಳು. "ಇಲ್ಲಿ ಇಡು," ಎಂದಳು.

ಸೋಮವಾರ ಸಂಜೆ ಅಪ್ಪ ಕೆಲಸಕ್ಕೆ ಹೋಗಿದ್ದ. ಅಮ್ಮ ಅನ್ನಕ್ಕಿಟ್ಟು, "ಯಾಕೇ, ಮುತ್ತುನ ಆಟಕ್ಕೆ ಕರೆಯಲ್ವಾ ಇವತ್ತು?" ಎಂದಳು.

"ಇವತ್ತು ಬೇಡಮ್ಮ."

ವೇಣಿ ಟಿ.ವಿ.ಯ ಸೌಂಡ್ ಕಡಿಮೆ ಮಾಡಿದಳು. ಎರಡು ಮನೆಗಳ ನಡುವಿನ ಗೋಡೆ ಹಪ್ಪಳಕ್ಕಿಂತ ತೆಳು. ಆಚೆ ಕಡೆ ಟಪ ಟಪ ರೊಟ್ಟಿ ಬಡಿಯುವ ಸದ್ದು. ಅದರ ನಡುವೆ ನೀಲಪ್ಪನ ದಪ್ಪ ದನಿ ಏನೋ ಹೇಳುತ್ತಿತ್ತು. ರೊಟ್ಟಿಯ ಸದ್ದು ನಿಂತಿತು. ಸ್ವಲ್ಪ ಹೊತ್ತು ಬರೀ ನೀಲಪ್ಪನ ದನಿ. ಆಮೇಲೆ ಮೂವರೂ ಒಟ್ಟಿಗೆ ನಕ್ಕರು.

ಗೋಡೆಗೆ ಒರಗಿ ಕೂತಿದ್ದ ವೇಣಿಗೆ ಕತೆಯ ಒಂದು ಪದವೂ ಕೇಳಿಸಿರಲಿಲ್ಲ. ಆದರೂ ಅವಳಿಗೆ ನಗು ಬಂತು.